ಅಟ್ಟದ ತೊಟ್ಟಿಲು ಇಳಿಸಬೇಕಾ, ಹೊಸದು ತರಬೇಕಾ?

ಹೆರಿಗೆಗೆ ಎರಡು ಮೂರು ತಿಂಗಳು ಇದೆ ಅನ್ನುವಾಗ ನಮ್ಮ ಕಡೆಯ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. ಅಟ್ಟದಲ್ಲಿ ಅಜ್ಜನ ಕಾಲದ ತೊಟ್ಟಿಲು ಇದೆ. ಅದರಲ್ಲಿ ಅಪ್ಪ ಮಲಗಿದ್ದರು, ಚಿಕ್ಕಪ್ಪಂದಿರು ಮಲಗಿದ್ದರು, ನೀನೂ ಮಲಗಿದ್ದೆ, ಈಗ ಹೊಸದು ಯಾಕೆ ಅಂತ ಹಿರಿಯರ ಪ್ರಶ್ನೆ. ಗಂಡ ಫೋನಿನಲ್ಲಿ ಬಿಳಿ ಬಣ್ಣದ ಕ್ರಿಬ್, ಅಂದರೆ ಸುತ್ತ ಸರಳಿರುವ ಮಕ್ಕಳ ಮಂಚ, ತೋರಿಸುತ್ತಾನೆ. ಅದರ ಬೆಲೆ ನೋಡಿ ಮಾವ ಕನ್ನಡಕ ತೆಗೆಯುತ್ತಾರೆ. ಇದರ ಮಧ್ಯೆ ಪಕ್ಕದ ಮನೆಯ ಅಕ್ಕ ಬಂದು "ಒಂದು ಹಳೆ ಸೀರೆ ಕಟ್ಟಿದರೆ ಸಾಕು ಮಾರಾಯ್ತಿ, ಮಗು ಸದ್ದೇ ಮಾಡುವುದಿಲ್ಲ" ಅಂದು ಹೋಗುತ್ತಾರೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಗೆಳತಿಯರು, ತಂಗಿಯರು ನನ್ನಲ್ಲಿ ಕೇಳುವುದೂ ಇದನ್ನೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಇದನ್ನು ಒಂದೇ ಪ್ರಶ್ನೆ ಅಂದುಕೊಳ್ಳುತ್ತಾರೆ, ನಿಜವಾಗಿ ಎರಡು ಪ್ರಶ್ನೆ ಇದೆ. ಮನೆತನದ ತೊಟ್ಟಿಲಿಗೆ ಮಗುವನ್ನು ಹಾಕಬೇಕಾ ಅನ್ನುವುದು ಒಂದು. ಮಗು ದಿನಾ ರಾತ್ರಿ ಎಲ್ಲಿ ಮಲಗಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೆಚ್ಚಿನ ಮನೆಗಳಲ್ಲಿ ಹೌದು ಅನ್ನಬಹುದು. ಎರಡನೆಯದಕ್ಕೆ ಹೌದು ಅನ್ನುವ ಮೊದಲು ತೊಟ್ಟಿಲನ್ನು ಬಗ್ಗಿ ನೋಡಬೇಕು, ಮನೆಯಲ್ಲಿ ಯಾರಿದ್ದಾರೆ ಅಂತಲೂ ನೋಡಬೇಕು.

"ನಾವೆಲ್ಲ ಅದರಲ್ಲೇ ಬೆಳೆದದ್ದು, ಏನಾಯಿತು?" ಅನ್ನುವ ಮಾತು ಬಂದೇ ಬರುತ್ತದೆ. ಸುಳ್ಳಲ್ಲ. ಆದರೆ ಆಗ ತೊಟ್ಟಿಲು ತೂಗುತ್ತಿದ್ದದ್ದು ನಡುಮನೆಯಲ್ಲಿ. ಅಜ್ಜಿ ಅಲ್ಲೇ ಕೂತು ಅಡಿಕೆ ಸುಲಿಯುತ್ತಿದ್ದರು, ಚಿಕ್ಕಮ್ಮ ಬತ್ತಿ ಹೊಸೆಯುತ್ತಿದ್ದರು, ನಾಲ್ಕು ಮಕ್ಕಳು ಸುತ್ತ ಓಡಾಡುತ್ತಿದ್ದರು. ಮಗು ಹತ್ತು ನಿಮಿಷ ಕೂಡ ಒಂಟಿಯಾಗಿ ಇರುತ್ತಿರಲಿಲ್ಲ. ಈಗ ಅದೇ ತೊಟ್ಟಿಲು ಕೋಣೆಯೊಳಗೆ ಇರುತ್ತದೆ, ಬಾಗಿಲು ಅರ್ಧ ಮುಚ್ಚಿರುತ್ತದೆ, ಬಾಣಂತಿ ಅಡುಗೆಮನೆಯಲ್ಲಿ ಒಬ್ಬಳೇ. ತೊಟ್ಟಿಲಿಗೂ ಮೂವತ್ತು ವರ್ಷ ಜಾಸ್ತಿ ಆಗಿದೆ.

ಮೊದಲು ಏನೇನು ನೋಡಬೇಕು

ಯಾವ ತೊಟ್ಟಿಲೇ ಇರಲಿ, ಹಳೆಯದು ಹೊಸದು ಯಾವುದೇ ಆಗಲಿ, ನಾನು ನೋಡುವುದು ಇಷ್ಟು: ಮರ ಗಟ್ಟಿ ಇದೆಯಾ, ಸಂದುಗಳು ಎಷ್ಟು ಅಗಲ, ಬಣ್ಣ ಯಾವುದು, ಹಾಸಿಗೆ ಸಪಾಟಾಗಿ ಗಟ್ಟಿಯಾಗಿ ಕೂರುತ್ತದಾ, ತೂಗು ಹಾಕಿದ್ದರೆ ಎಲ್ಲಿಂದ ತೂಗುತ್ತಿದೆ. ಕೊನೆಗೆ ಮಗು ಎಷ್ಟು ತಿಂಗಳದ್ದು, ಅದರ ಹತ್ತಿರ ಯಾರಿರುತ್ತಾರೆ. ದುಡ್ಡಿನ ವಿಷಯ ಇದೆಲ್ಲ ಆದ ಮೇಲೆ. ಯಾಕೆಂದರೆ ತೀರಾ ಕಡಿಮೆ ದುಡ್ಡಿನಲ್ಲೂ ಸರಿಯಾದದ್ದು ಸಿಗುತ್ತದೆ, ಇಪ್ಪತ್ತು ಸಾವಿರ ಕೊಟ್ಟರೂ ತಪ್ಪಾದದ್ದು ಸಿಗುತ್ತದೆ.

ಮರದ ವಿಷಯ. ನಮ್ಮ ಕಡೆಯ ಹಳೆ ತೊಟ್ಟಿಲುಗಳು ಹೆಚ್ಚಾಗಿ ಹಲಸು, ಹೆಬ್ಬಲಸು, ಸಾಗುವಾನಿಯವು, ಅನುಕೂಲಸ್ಥರ ಮನೆಯಲ್ಲಿ ಬೀಟೆಯದು. ಮರ ಒಳ್ಳೆಯದೇ. ಆದರೆ ಅಟ್ಟದಲ್ಲಿ ಹೆಂಚಿನ ಕೆಳಗೆ ಎಷ್ಟೋ ಮಳೆಗಾಲ ಕಳೆದಿದೆ, ಅಲ್ವಾ. ತೊಟ್ಟಿಲನ್ನು ಇಳಿಸಿ, ಹಳೆ ಹುಡಿಯನ್ನೆಲ್ಲ ತಟ್ಟಿ ಒರೆಸಿ, ಒಂದು ಬಿಳಿ ಬಟ್ಟೆಯ ಮೇಲೆ ಒಂದು ವಾರ ಇಡಿ. ಆಮೇಲೆ ಎತ್ತಿ ನೋಡಿ. ಬಟ್ಟೆಯ ಮೇಲೆ ಗೋಧಿಹಿಟ್ಟಿನಂಥ ನಯವಾದ ಹುಡಿ ಬಿದ್ದಿದ್ದರೆ ಒಳಗೆ ಹುಳ ಇನ್ನೂ ಕೊರೆಯುತ್ತಿದೆ. ಸಾಸಿವೆ ಗಾತ್ರದ ತೂತುಗಳು ಮಾತ್ರ ಇದ್ದು ಹುಡಿ ಬೀಳದಿದ್ದರೆ ಅದು ಹೆಚ್ಚಾಗಿ ಹಳೆಯ ಕತೆ, ಹುಳ ಹೋಗಿ ಎಷ್ಟೋ ವರ್ಷ ಆಗಿರಬಹುದು. ಆದರೂ ಒಂದು ದಬ್ಬಣ ತೆಗೆದುಕೊಂಡು ಅಡಿಹಲಗೆ, ಮೂಲೆಗಳು, ಸರಪಳಿ ಸಿಕ್ಕಿಸುವ ಜಾಗ ಇಷ್ಟನ್ನು ಚುಚ್ಚಿ ನೋಡಿ. ಮೊನೆ ಒಳಗೆ ಹೋಗದೆ ನಿಂತರೆ ಸರಿ. ಅಷ್ಟೇನೂ ಒತ್ತದೆ ಅರ್ಧ ಇಂಚು ಇಳಿದರೆ ಆ ಮರ ಕುಂಬಾಗಿದೆ, ಅಂದರೆ ಒಳಗೆ ಕೊಳೆತಿದೆ. ಒಂದು ಹಲಗೆ ಮಾತ್ರ ಹಾಗಾಗಿದ್ದರೆ ಆಚಾರಿಯವರು ಬದಲಿಸಿ ಕೊಡುತ್ತಾರೆ. ಮೂಲೆಯ ಕಂಬಗಳೇ ಹಾಗಾಗಿದ್ದರೆ ಬಿಟ್ಟುಬಿಡಿ, ಅದಕ್ಕೆ ಅಂಟು ಹಾಕಿ ಪ್ರಯೋಜನ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹುಳ ಕಂಡ ಕೂಡಲೇ "ಸ್ವಲ್ಪ ಗೇರೆಣ್ಣೆ ಹಚ್ಚಿದರೆ ಆಯಿತು" ಅನ್ನುವವರು ಊರಲ್ಲಿ ಇದ್ದೇ ಇರುತ್ತಾರೆ. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಮಾಡಿನ ಹೆಂಚು ಹೊರುವ ಪಕ್ಕಾಸಿಗೆ, ಬೇಲಿ ಗೂಟಕ್ಕೆ ಒಳ್ಳೆಯದು, ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಹಸಿ ಬೀಜ ಬಿಡಿಸುವವರ ಕೈ ಸುಟ್ಟು ಬೊಬ್ಬೆ ಏಳುವುದೂ ಅದೇ ಎಣ್ಣೆಯಿಂದ. ಮಗುವಿನ ಮೈ ತಾಗುವ, ಮುಂದೆ ಬಾಯಿಗೆ ಹೋಗುವ ಮರಕ್ಕೆ ಅದನ್ನು ಹಚ್ಚಲೇಬಾರದು. ಹುಳಕ್ಕೆ ಹೊಡೆಯುವ ಮದ್ದೂ ಬೇಡ. ಹುಳ ಜೀವಂತ ಇರುವ ತೊಟ್ಟಿಲನ್ನು ಈ ಮಗುವಿಗೆ ಬಳಸದೇ ಇರುವುದೇ ಸರಿ.

ಸಂದಿನ ಲೆಕ್ಕ ಸುಲಭ. ಸರಳು ಸರಳುಗಳ ಮಧ್ಯೆ 6 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಇರಬಾರದು. ಅಮೆರಿಕದಲ್ಲಿ ಕ್ರಿಬ್‌ಗಳಿಗೆ ಕಾನೂನಿನಲ್ಲೇ ಇಟ್ಟಿರುವ ಅಳತೆ ಇದು, ಇಂಚಿನ ಲೆಕ್ಕದಲ್ಲಿ 2 3/8. ಕಾರಣ ಕೇಳಿದರೆ ಸ್ವಲ್ಪ ಭಯವಾಗುತ್ತದೆ. ಮಗುವಿನ ಕಾಲು, ಸೊಂಟ, ಎದೆ ಎಲ್ಲ ಅಗಲ ಸಂದಿನಲ್ಲಿ ನುಸುಳಿಬಿಡುತ್ತದೆ. ತಲೆ ಮಾತ್ರ ನುಸುಳುವುದಿಲ್ಲ. ರಟ್ಟನ್ನು 6 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಪ್ರತಿ ಸಂದಿನಲ್ಲೂ ಹಾಕಿ ನೋಡಿ. ರಟ್ಟು ಸಲೀಸಾಗಿ ಅತ್ತಿತ್ತ ಅಲ್ಲಾಡಿದರೆ ಸಂದು ದೊಡ್ಡದು. ನಮ್ಮ ಹಳೆ ತೊಟ್ಟಿಲುಗಳಲ್ಲಿ ಕಡೆದ ಸರಳುಗಳು ಚಂದ, ಮಧ್ಯೆ ದಪ್ಪ, ತುದಿಯಲ್ಲಿ ಸಪೂರ. ಹಾಗಾಗಿ ಅಳೆಯಬೇಕಾದದ್ದು ಸಪೂರ ಇರುವ ಜಾಗದಲ್ಲಿ. ಬದಿಯ ಹಲಗೆಯಲ್ಲಿ ಹೂವು, ಗಿಳಿ ಕೊರೆದ ತೂತುಗಳಿದ್ದರೆ ಅವನ್ನೂ ಬಿಡಬೇಡಿ. ಮೂಲೆಯಲ್ಲಿ ಎದ್ದು ನಿಂತ ಗುಂಡು, ಕಳಶದ ಆಕಾರದ ತುದಿಗೆ ಅಂಗಿಯ ಕೊರಳು ಸಿಕ್ಕಿಹಾಕಿಕೊಳ್ಳಬಹುದು. ಎದ್ದು ನಿಲ್ಲುವ ಮಗುವಿಗೆ ಇದು ಜಾಸ್ತಿ ಅಪಾಯ.

ಬಣ್ಣ. ಮರದ ಬಣ್ಣದಲ್ಲೇ ಇರುವ ತೊಟ್ಟಿಲಿಗೆ ಈ ತಲೆಬಿಸಿ ಇಲ್ಲ. ಕೆಂಪು, ಹಸಿರು, ಹಳದಿ ಆಯಿಲ್ ಪೇಂಟ್ ಬಳಿದಿದ್ದರೆ ಯೋಚಿಸಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಆದದ್ದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸ ಇತ್ತು ಅಂತ ಕಣ್ಣಿಗೆ ಕಾಣುವುದಿಲ್ಲ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಇಷ್ಟು ಹೋದರೆ ಪರವಾಗಿಲ್ಲ ಅನ್ನುವ ಮಿತಿಯೇ ಅದಕ್ಕಿಲ್ಲ. ಹಲ್ಲು ಬರುವಾಗ ಮಗು ಅಂಚನ್ನು ಕಚ್ಚುತ್ತದೆ, ಬಣ್ಣದ ಚಕ್ಕೆ ಹೊಟ್ಟೆಗೆ ಹೋಗುತ್ತದೆ. ಹಾಗಂತ ಸ್ಯಾಂಡ್ ಪೇಪರ್ ತೆಗೆದುಕೊಂಡು ಉಜ್ಜಲು ಕೂತರೆ ಇನ್ನೂ ಕೆಟ್ಟದು, ಚಕ್ಕೆಯಲ್ಲಿದ್ದದ್ದು ದೂಳಾಗಿ ಮನೆಯೆಲ್ಲ ಹರಡುತ್ತದೆ. ಬಸುರಿ ಅಂತೂ ಆ ಕೆಲಸದ ಹತ್ತಿರ ಸುಳಿಯಬಾರದು. ಹಳೆ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ಆಗುತ್ತದಾ ಅಂತ ಕೇಳುತ್ತಾರೆ. ಕಚ್ಚುವ ಮಗುವಿಗೆ ಹೊಸ ಪದರ ಎಷ್ಟು ಹೊತ್ತಿನ ಕೆಲಸ?

ಹಾಸಿಗೆ. ತೊಟ್ಟಿಲಿನ ಜೊತೆ ಅಟ್ಟದಿಂದ ಬಂದ ಹಳೆ ಹಾಸಿಗೆ, ದಿಂಬು, ಹೊದಿಕೆ ಯಾವುದೂ ಬೇಡ. ಬೂರುಗದ ಹತ್ತಿ ವರ್ಷಗಟ್ಟಲೆ ಒತ್ತಿ ಗಂಟುಗಂಟಾಗಿರುತ್ತದೆ, ಬೂಸರು ಹಿಡಿದಿರುತ್ತದೆ. ಇನ್ನೊಂದು, ಬಟ್ಟೆಯ ಮಡಿಕೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟಿರುತ್ತಾರೆ, ಬಿಳಿ ನ್ಯಾಫ್ತಲೀನ್ ಗುಂಡು. ಅದರ ಹಬೆಯಿಂದ ಕೆಲವು ಹಸುಗೂಸುಗಳಲ್ಲಿ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಇದು ನಿಜವಾದ ಅಪಾಯ. ಕೊರತೆ ಇದೆಯಾ ಇಲ್ಲವಾ ಅಂತ ನಮಗೆ ಹೊರಗಿನಿಂದ ತಿಳಿಯುವುದಿಲ್ಲ. ಹಳೆ ಸೀರೆಯ ಲಂಗೋಟಿ, ಅಜ್ಜಿ ಹೊಲಿದ ಕೌದಿ ಬಳಸುವ ಆಸೆ ಇದ್ದರೆ ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ.

ಹೊಸ ಹಾಸಿಗೆಯನ್ನು ತೊಟ್ಟಿಲಿನ ಅಳತೆಗೇ ಮಾಡಿಸಿ. ಸುತ್ತ ಎಲ್ಲೂ ಎರಡು ಬೆರಳಿಗಿಂತ ಜಾಸ್ತಿ ಸಂದು ಬಿಡಬಾರದು. ನಾರಿನ ಹಾಸಿಗೆ ಮಾಡುವವರಲ್ಲಿ ತೆಳ್ಳಗೆ, ಗಟ್ಟಿಯಾಗಿ ಮಾಡಿಕೊಡಿ ಅನ್ನಿ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯಬಾರದು. ದಿಂಬು ಬೇಡ, ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಮಲಗುವಾಗ ಬೇಡ. ಬದಿಗೆ ಮೆತ್ತೆ ಕಟ್ಟಬೇಡಿ. ಮಗುವನ್ನು ಅಂಗಾತ ಮಲಗಿಸಿ. ಅಂಗಾತ ಮಲಗಿಸಿ ಅಂತ ಅಮೆರಿಕದಲ್ಲಿ 1994ರಿಂದ ಮನೆಮನೆಗೆ ಹೇಳಲು ಶುರು ಮಾಡಿದ ಮೇಲೆ ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಪ್ರಮಾಣ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಹಾಲು ಕಕ್ಕಿದರೆ ಗಂಟಲಿಗೆ ಹೋಗುತ್ತದೆ ಅಂತ ನಮ್ಮ ಅಮ್ಮಂದಿರು ಹೆದರುತ್ತಾರೆ, ಅಂಗಾತ ಮಲಗಿದ ಆರೋಗ್ಯವಂತ ಮಗು ಅದನ್ನು ನುಂಗಿಕೊಳ್ಳುತ್ತದೆ ಇಲ್ಲವೇ ಕೆಮ್ಮಿ ಹೊರಹಾಕುತ್ತದೆ.

ಈಗ ಒಂದೊಂದಾಗಿ

ತೂಗುವ ಹಳೆ ಮರದ ತೊಟ್ಟಿಲು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದೇ, ನನಗೆ ತುಂಬಾ ಇಷ್ಟವಾದದ್ದೂ ಇದೇ. ಅಡಿ ಹಲಗೆಯದ್ದು, ಹಾಗಾಗಿ ಮಗು ಸಪಾಟಾಗಿ ಮಲಗುತ್ತದೆ. ಗಾಳಿ ಆಡುತ್ತದೆ. ನೆಲದ ಇರುವೆ, ಜರಿ, ಚೇಳು ಅಷ್ಟು ಸುಲಭವಾಗಿ ಹತ್ತಿರ ಬರುವುದಿಲ್ಲ. ಒಂದು ಕೈಯಲ್ಲಿ ತೂಗುತ್ತಾ ಇನ್ನೊಂದು ಕೈಯಲ್ಲಿ ಕೆಲಸ ಮಾಡಬಹುದು. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಪಾಸಾದರೆ ಇದನ್ನು ಬಳಸಬಾರದು ಅನ್ನಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಸರಪಳಿ ಮತ್ತು ಕೊಕ್ಕೆಯನ್ನು ಮರದಷ್ಟೇ ಸೂಕ್ಷ್ಮವಾಗಿ ನೋಡಬೇಕು. ನಮ್ಮ ಮನೆಯ ತೊಟ್ಟಿಲಿನ ಕಬ್ಬಿಣದ ಸರಪಳಿ ನೋಡಲು ಆನೆ ಕಟ್ಟಬಹುದು ಅನ್ನುವ ಹಾಗಿತ್ತು. ಬಿಚ್ಚಿ ಒಂದೊಂದು ಕೊಂಡಿಯನ್ನು ತಿರುಗಿಸಿ ನೋಡಿದಾಗ, ಕೊಂಡಿಗೆ ಕೊಂಡಿ ಉಜ್ಜುವ ಒಳಮೈಯಲ್ಲಿ ಅರ್ಧಕ್ಕರ್ಧ ಸವೆದು ಹೋಗಿತ್ತು, ಹೊರಗಿನಿಂದ ತುಕ್ಕಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ತಲೆಮಾರಿನ ಮಕ್ಕಳನ್ನು ತೂಗಿದ್ದು ಎಲ್ಲಿ ಖರ್ಚಾಯಿತು ಅಂತ ಅಲ್ಲಿ ಗೊತ್ತಾಗುತ್ತದೆ. ಸರಪಳಿ, ಕೊಕ್ಕೆ ಎರಡೂ ಹೊಸದು ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ದೊಡ್ಡ ಖರ್ಚಿಲ್ಲ. ಚಂದಕ್ಕೆ ಬೇಕಾದರೆ ಹಳೆಯದನ್ನು ಬೇರೆ ಕಡೆ ತೂಗುಹಾಕಿ. ಬಾಯಿ ತೆರೆದ ಎಸ್ ಆಕಾರದ ಕೊಕ್ಕೆ ಬೇಡ, ಬಾಯಿ ಮುಚ್ಚುವ, ಸ್ಕ್ರೂ ತಿರುಗಿಸುವ ಕೊಕ್ಕೆ ತೆಗೆದುಕೊಳ್ಳಿ.

ಎಲ್ಲಿಂದ ತೂಗಿಸುತ್ತೀರಿ ಅನ್ನುವುದು ಇನ್ನೊಂದು. ಹೆಂಚಿನ ಮನೆಯ ತೊಲೆ ಇದಕ್ಕೆ ಒಳ್ಳೆಯದು, ಗೆದ್ದಲು ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಂಡರೆ ಸಾಕು. ಪಕ್ಕಾಸಿಗೆ ಕಟ್ಟಬೇಡಿ. ತಾರಸಿ ಮನೆಯಲ್ಲಿ ಕಾಂಕ್ರೀಟಿನ ಕಂಬಿಯ ಜೊತೆ ಎರಕದಲ್ಲೇ ಕೂಡಿಸಿದ ಕೊಕ್ಕೆ ಇದ್ದರೆ ಸರಿ, ಆಮೇಲೆ ಪ್ಲಾಸ್ಟರಿಗೆ ಬಡಿದ ಕೊಕ್ಕೆಯನ್ನು ನಂಬಬೇಡಿ. ಕಿಟಕಿಯ ಸರಳು, ಬಾಗಿಲಿನ ದಾರಂದ, ಫಾಲ್ಸ್ ಸೀಲಿಂಗ್ ಇವು ಲೆಕ್ಕಕ್ಕೇ ಇಲ್ಲ. ಕಟ್ಟಿದ ಮೇಲೆ 25 ಕೆಜಿಯ ಅಕ್ಕಿ ಚೀಲ ಇಟ್ಟು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಜೋರಾಗಿ ತೂಗಿ. ಕಿರ್ ಅನ್ನುವ ಸದ್ದು ಬಂದರೆ ಎಲ್ಲಿಂದ ಅಂತ ಹುಡುಕಿ. ಅಡಿ ನೆಲದಿಂದ ಮೊಣಕಾಲಿನ ಎತ್ತರದಲ್ಲಿ ಇರಲಿ, ಅದಕ್ಕಿಂತ ಮೇಲೆ ಬೇಡ. ತೂಗುವುದನ್ನು ನಿಲ್ಲಿಸಿದಾಗ ಒಂದು ಕಡೆಗೆ ವಾಲಬಾರದು, ವಾಲಿದರೆ ಮಗು ಉರುಳಿ ಬದಿಗೆ ಮುಖ ಒತ್ತಿಕೊಳ್ಳುತ್ತದೆ.

ಇದರ ದೊಡ್ಡ ಮಿತಿ ವಯಸ್ಸು. ಹೆಚ್ಚಿನ ಮಕ್ಕಳು ನಾಲ್ಕು ತಿಂಗಳ ಸುಮಾರಿಗೆ ಮಗುಚಲು ನೋಡುತ್ತಾರೆ, ಸ್ವಲ್ಪ ದಿನದಲ್ಲಿ ಕೈಯೂರಿ ಎದೆ ಎತ್ತುತ್ತಾರೆ. ಆ ದಿನಕ್ಕೆ ತೂಗುವ ತೊಟ್ಟಿಲಿನ ಕೆಲಸ ಮುಗಿಯಿತು ಅಂದುಕೊಳ್ಳಿ. ಬದಿ ತಗ್ಗು, ಮಗುವಿನ ಭಾರ ಒಂದು ಕಡೆ ಬಿದ್ದರೆ ತೊಟ್ಟಿಲು ವಾಲುತ್ತದೆ. "ಇನ್ನೂ ಮಗುಚಿಲ್ಲ, ಮುಂದಿನ ವಾರ ತೆಗೆಯೋಣ" ಅನ್ನಬೇಡಿ, ಮೊದಲ ಸಲ ಮಗುಚುವುದು ನಾವು ನೋಡದೇ ಇರುವಾಗಲೇ. ಮೇಲಿಂದ ಇಳಿಬಿಟ್ಟ ಗಿಲಕಿಯ ದಾರವನ್ನೂ ಆಗ ತೆಗೆಯಿರಿ. ಮಾತಿಗೆ ಮಾತು ಬಂತು, ದೃಷ್ಟಿಗೆ ಕಟ್ಟುವ ಕಪ್ಪು ದಾರ ಸೊಂಟಕ್ಕೆ ಇರಲಿ, ಕೊರಳಿಗೆ ಬೇಡ.

ಹಳೆಯ ಕ್ರಿಬ್. ಇದು ಗಲ್ಫಿನ ಮನೆಗಳಲ್ಲಿ ಜಾಸ್ತಿ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಸುತ್ತಮುತ್ತ ದುಬೈಯಿಂದಲೋ ಮಸ್ಕತ್ತಿನಿಂದಲೋ ಕಾರ್ಗೋದಲ್ಲಿ ಬಂದ ಕ್ರಿಬ್ ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಇರುತ್ತದೆ. ನೋಡಲು ಭದ್ರ, ನಾಲ್ಕೂ ಬದಿ ಎತ್ತರ, ಎರಡು ವರ್ಷ ಬರುತ್ತದೆ. ಇದರಲ್ಲಿ ಒಂದನ್ನು ಮಾತ್ರ ಮೊದಲು ನೋಡಿ: ಒಂದು ಬದಿ ಹಳಿಯಲ್ಲಿ ಕೆಳಗೆ ಜಾರುತ್ತದಾ? ಮಗುವನ್ನು ಎತ್ತಲು ಸುಲಭವಾಗಲಿ ಅಂತ ಮಾಡಿದ್ದು ಅದು. ಜಾರುವುದಾದರೆ ಅದನ್ನು ಬಳಸಲೇಬೇಡಿ, ಯಾರು ಕೊಟ್ಟದ್ದೇ ಆಗಲಿ. ಪ್ಲಾಸ್ಟಿಕ್ಕಿನ ಕೊಂಡಿ ಸವೆದು ಆ ಬದಿ ಒಂದು ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ, ಹಾಸಿಗೆಗೂ ಬದಿಗೂ ಮಧ್ಯೆ ಸಂದು ಬಿಡುತ್ತದೆ, ಮಗು ಅದರಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿ 2000ದಿಂದ ಹತ್ತು ವರ್ಷದಲ್ಲಿ ಕಡಿಮೆಯೆಂದರೂ 32 ಮಕ್ಕಳು ಹೀಗೆ ಸತ್ತಿದ್ದಾರೆ ಅಂತ ಅಲ್ಲಿನ ಸರಕಾರವೇ ಲೆಕ್ಕ ಕೊಟ್ಟಿತು, 2011ರ ಜೂನ್ 28ರಿಂದ ಅಂಥ ಕ್ರಿಬ್ ಮಾಡುವುದನ್ನೂ ಮಾರುವುದನ್ನೂ ನಿಲ್ಲಿಸಿತು. ಹಳೆಯದನ್ನು ಕೈಯಿಂದ ಕೈಗೆ ಮರುಮಾರಾಟ ಮಾಡುವ ಹಾಗೂ ಇಲ್ಲ.

ಬದಿ ಜಾರದ ಕ್ರಿಬ್ ಆದರೆ ಸ್ಕ್ರೂ ಎಣಿಸಿ. ಮೂರು ಮನೆ ತಿರುಗಿ ಬಂದದ್ದರಲ್ಲಿ ಎರಡು ಮೂರು ಸ್ಕ್ರೂ ಕಾಣೆಯಾಗಿ ಆ ಜಾಗಕ್ಕೆ ಮೊಳೆ ಹೊಡೆದಿರುತ್ತಾರೆ. ಹಾಸಿಗೆ ಹೊರುವ ಅಡಿ ಚೌಕಟ್ಟನ್ನು ಕೆಳಗಿನಿಂದ ಒತ್ತಿ ನೋಡಿ, ಮೇಲಕ್ಕೆ ಎದ್ದು ಬಂದರೆ ಬೇಡ. ಎಲ್ಲ ಸರಿ ಇದ್ದರೆ ಇದು ಹೊಸ ಕ್ರಿಬ್ಬಿಗೆ ಸಮ, ದುಡ್ಡು ಉಳಿಯಿತು.

ಸೀರೆಯ ಜೋಲಿ. ಇದರ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮಗು ಬೇಗ ನಿದ್ದೆ ಹೋಗುತ್ತದೆ ನಿಜ, ಖರ್ಚೂ ಇಲ್ಲ. ಆದರೆ ಬಟ್ಟೆ ಮಡಚಿಕೊಂಡಾಗ ಮಗುವಿನ ಬೆನ್ನು ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ. ಎಳೆ ಮಗುವಿನ ಕೊರಳಿಗೆ ತಲೆ ಎತ್ತುವ ಶಕ್ತಿ ಇಲ್ಲ, ಉಸಿರಿನ ದಾರಿ ಕಿರಿದಾಗುತ್ತದೆ. ಎರಡೂ ಬದಿಯ ಬಟ್ಟೆ ಮುಖದ ಮೇಲೆ ಮುಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ 2022ರಿಂದ ಕೂಸು ಮಲಗುವ ಜಾಗ 10 ಡಿಗ್ರಿಗಿಂತ ಜಾಸ್ತಿ ಓರೆ ಇರಬಾರದು ಅಂತ ನಿಯಮ ಇದೆ. ಜೋಲಿಯ ಬಾಗು ಅದರ ಎಷ್ಟೋ ಪಟ್ಟು. ಮನೆಯಲ್ಲಿ ಐದಾರು ವರ್ಷದ ಅಣ್ಣನೋ ಅಕ್ಕನೋ ಇದ್ದರೆ ಇನ್ನೊಂದು ಭಯ. ಜೋಲಿಯಲ್ಲಿ ಕೂತು ಗಿರಗಿರ ತಿರುಗಿಸಿಕೊಂಡು ಆಡುವಾಗ ಕೊರಳಿಗೆ ಸೀರೆ ಬಿಗಿದು ಮಕ್ಕಳು ಸತ್ತ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಬಳಸಲೇಬೇಕು ಅಂದರೆ ಹಗಲು, ಯಾರಾದರೂ ಎದುರಿಗೇ ಕೂತಿರುವಾಗ, ನಿದ್ದೆ ಬರುವವರೆಗೆ ಮಾತ್ರ. ನಿದ್ದೆ ಬಂದ ಮೇಲೆ ಎತ್ತಿ ಸಪಾಟು ಜಾಗದಲ್ಲಿ ಮಲಗಿಸಿ, ಸೀರೆಯನ್ನು ಬಿಚ್ಚಿ ಇಡಿ.

ಅಂಗಡಿಯಲ್ಲಿ ಸಿಗುವ ಕಬ್ಬಿಣದ ಸ್ಟ್ಯಾಂಡಿನ ಬಟ್ಟೆ ತೊಟ್ಟಿಲು ಸುಮಾರು ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ಸ್ಪ್ರಿಂಗ್ ಹಾಕಿದ್ದೂ ಇದೆ. ಜೋಲಿಗೆ ಹೇಳಿದ್ದೆಲ್ಲ ಇದಕ್ಕೂ ಹೊಂದುತ್ತದೆ, ಸ್ಟ್ಯಾಂಡ್ ಮಗುಚುವ ಭಯ ಮಾತ್ರ ಹೆಚ್ಚುವರಿ. ಅಡಿಗೆ ಗಟ್ಟಿ ಹಲಗೆ ಇರುವ, ಬಲೆಯ ಬದಿ ಇರುವ ಮಾದರಿ ಸಿಕ್ಕರೆ ಮಾತ್ರ ನೋಡಿ. ಕರೆಂಟಿನಲ್ಲಿ ತೂಗುವುದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಟಿಯ, ಅಂದರೆ ಜುಲೈ ಆಗಸ್ಟಿನ, ಗಾಳಿಮಳೆಗೆ ಕರೆಂಟ್ ಹೋದರೆ ತೂಗುವ ಅಭ್ಯಾಸ ಆದ ಮಗು ಮನೆಯವರನ್ನೆಲ್ಲ ಎಬ್ಬಿಸುತ್ತದೆ.

ಹೊಸ ಮರದ ಕ್ರಿಬ್ ಎಂಟು ಸಾವಿರದಿಂದ ಶುರುವಾಗಿ ಇಪ್ಪತ್ತು ದಾಟುತ್ತದೆ. ಅಳತೆ ಹೆಚ್ಚಾಗಿ ಸರಿ ಇರುತ್ತದೆ, ಹಾಸಿಗೆ ಹೊಂದುತ್ತದೆ, ಬೆಳೆದ ಹಾಗೆ ಅಡಿಯನ್ನು ಇಳಿಸಬಹುದು, ಎರಡು ವರ್ಷ ನಿಶ್ಚಿಂತೆ. ಆದರೆ ಜಾಗ ಬೇಕು. ಬಾಣಂತಿ ಮೂರು ತಿಂಗಳು ತವರಿನಲ್ಲಿ ಇದ್ದು ಆಮೇಲೆ ಗಂಡನ ಮನೆಗೆ ಹೋಗುವುದಾದರೆ ಅದನ್ನು ಎಲ್ಲಿಗೆ ತರಿಸುತ್ತೀರಿ? ಇದನ್ನು ಯೋಚಿಸದೆ ತರಿಸಿ, ಬಿಚ್ಚಿ, ಪಿಕಪ್ಪಿನಲ್ಲಿ ಸಾಗಿಸಿ, ಜೋಡಿಸುವಾಗ ಸ್ಕ್ರೂ ಕಳೆದುಕೊಂಡವರು ಬೇಕಾದಷ್ಟು ಜನ. ನನ್ನ ಕೇಳಿದರೆ, ತವರಿನಲ್ಲಿ ಹಳೆ ತೊಟ್ಟಿಲು, ಗಂಡನ ಮನೆಗೆ ಹೋಗುವಾಗ ಕ್ರಿಬ್. ಅಷ್ಟು ಹೊತ್ತಿಗೆ ತೂಗುವ ತೊಟ್ಟಿಲಿನ ಕಾಲವೂ ಮುಗಿಯುತ್ತಾ ಬಂದಿರುತ್ತದೆ.

ಆಚಾರಿಯವರ ಹತ್ತಿರ ಹೊಸದು ಮಾಡಿಸುವುದು ಇನ್ನೊಂದು ದಾರಿ, ಜನ ಇದನ್ನು ಮರೆಯುತ್ತಾರೆ. ಮನೆಯ ಹಲಸಿನ ಹಲಗೆ ಇದ್ದರೆ ಅಂಗಡಿಯ ಕ್ರಿಬ್ಬಿಗಿಂತ ಕಡಿಮೆಗೆ ಆಗಬಹುದು. 6 ಸೆಂಟಿಮೀಟರಿನ ರಟ್ಟನ್ನು ಅವರ ಕೈಯಲ್ಲೇ ಕೊಡಿ, ಬಾಯಲ್ಲಿ ಹೇಳಿದರೆ "ಎಲ್ಲ ಗೊತ್ತುಂಟು" ಅನ್ನುತ್ತಾರೆ. ಹಳೆ ತೊಟ್ಟಿಲಿನ ಚೆನ್ನಾಗಿರುವ ಬದಿ ಹಲಗೆ ಒಂದನ್ನು ಹೊಸದರ ತಲೆಭಾಗಕ್ಕೆ ಕೂಡಿಸಿ ಅನ್ನಬಹುದು, ಬಣ್ಣ ಇಲ್ಲದಿದ್ದರೆ.

ನೆಲದ ಹಾಸಿಗೆಯ ಬಗ್ಗೆ ಒಂದು ಮಾತು. ಅಮ್ಮನ ಹಾಸಿಗೆಯ ಪಕ್ಕ ಮಗುವಿಗೇ ಪ್ರತ್ಯೇಕವಾದ ಸಣ್ಣ ಗಟ್ಟಿ ಹಾಸಿಗೆ ಹಾಕಿದರೆ ಬೀಳುವ ಭಯ ಇಲ್ಲ, ಸಂದಿನ ಭಯ ಇಲ್ಲ. ಆದರೆ ಮಳೆಗಾಲದ ಥಂಡಿ ನೆಲ, ಇರುವೆ, ತೋಟದ ಮನೆಯಾದರೆ ರಾತ್ರಿ ಒಳಗೆ ಬರುವ ಕಟ್ಟುಹಾವು, ಇದನ್ನೆಲ್ಲ ಯೋಚಿಸಬೇಕು. ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ ಇದ್ದರೆ ಇದು ಪರವಾಗಿಲ್ಲ. ದೊಡ್ಡವರ ಹಾಸಿಗೆಯಲ್ಲೇ ಮಧ್ಯೆ ಮಲಗಿಸುವುದು ಬೇರೆ ವಿಷಯ. ತಿಂಗಳು ತುಂಬದೆ ಹುಟ್ಟಿದ ಮಗು, ಸಿಗರೇಟು ಸೇದುವ ಅಥವಾ ಕುಡಿಯುವ ಅಪ್ಪ, ಮೆತ್ತನೆಯ ಫೋಮ್ ಹಾಸಿಗೆ, ಇವುಗಳಲ್ಲಿ ಒಂದಿದ್ದರೂ ಅದು ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಹೇಳಿದ್ದು ಹೀಗೆ: ಕನಿಷ್ಠ ಮೊದಲ ಆರು ತಿಂಗಳು ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ತನ್ನದೇ ಸಪಾಟು ಗಟ್ಟಿ ಹಾಸಿಗೆಯಲ್ಲಿ. ನಮ್ಮ ಊರಿಗೆ ಹೊಂದಿಸಿಕೊಳ್ಳಲು ಇದು ಕಷ್ಟವಲ್ಲ.

ಹಾಗಾದರೆ ನಿಮಗೆ ಯಾವುದು

ಕೂಡುಕುಟುಂಬ, ಹೆಂಚಿನ ಮನೆ, ಬಣ್ಣ ಹಚ್ಚದ ಗಟ್ಟಿ ತೊಟ್ಟಿಲು, ಹಗಲು ಯಾರಾದರೂ ಒಬ್ಬರು ಹತ್ತಿರ ಇದ್ದೇ ಇರುತ್ತಾರೆ: ಸರಪಳಿ, ಕೊಕ್ಕೆ, ಹಾಸಿಗೆ ಹೊಸದು ಮಾಡಿ ಧೈರ್ಯವಾಗಿ ಬಳಸಿ, ನಾಲ್ಕು ತಿಂಗಳಿಗೆ ನಿಲ್ಲಿಸಿ. ರಾತ್ರಿಯೂ ಅದನ್ನೇ ಬಳಸುವುದಾದರೆ ತೂಗುವುದನ್ನು ನಿಲ್ಲಿಸಿ, ಅಲ್ಲಾಡದ ಹಾಗೆ ಮಾಡಿ, ಅಮ್ಮನ ಮಂಚದ ಪಕ್ಕದಲ್ಲೇ ಇರಲಿ.

ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಫ್ಲ್ಯಾಟಿನಲ್ಲಿ ಇಬ್ಬರೇ ಇದ್ದೀರಿ, ಕೆಲಸಕ್ಕೂ ಹೋಗಬೇಕು: ಹಳೆ ತೊಟ್ಟಿಲನ್ನು ಊರಲ್ಲೇ ಬಿಡಿ. ದುಡ್ಡು ಇದ್ದರೆ ಕ್ರಿಬ್, ಇಲ್ಲದಿದ್ದರೆ ಮಂಚದ ಪಕ್ಕ ನೆಲದ ಹಾಸಿಗೆಗೆ ಸೊಳ್ಳೆಪರದೆ. ಎರಡು ಮೂರು ಸಾವಿರದ ಸ್ಪ್ರಿಂಗ್ ತೊಟ್ಟಿಲಿಗಿಂತ ನಾರಿನ ಹಾಸಿಗೆಯೇ ಮೇಲು.

ತೊಟ್ಟಿಲಿಗೆ ಬಣ್ಣ ಇದೆ, ಅಥವಾ ಸಂದು ದೊಡ್ಡದು, ಆದರೆ ಮನೆಯವರಿಗೆ ಅದರ ಮೇಲೆ ಜೀವ: ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ಅದರಲ್ಲೇ ಮಾಡಿ. ಹೂವು ಕಟ್ಟಿ, ಹಾಡು ಹೇಳಿ, ಫೋಟೋ ತೆಗೆಯಿರಿ. ಕಾಲು ಗಂಟೆ, ಎಲ್ಲರ ಕಣ್ಣೆದುರು, ಹೊಸ ಬಟ್ಟೆ ಹಾಸಿ ಮಲಗಿಸಿದರೆ ಏನೂ ಆಗುವುದಿಲ್ಲ. ಹುಳ ಹಿಡಿದು ಕುಂಬಾಗಿದ್ದರೆ ತೂಗು ಹಾಕದೆ ಚಾಪೆಯ ಮೇಲೆ ಇಟ್ಟು ಮಾಡಿ.

ಹಿರಿಯರ ಹತ್ತಿರ ಹೇಳುವುದೇ ಕಷ್ಟದ ಕೆಲಸ. "ಈ ತೊಟ್ಟಿಲು ಸರಿ ಇಲ್ಲ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಕೆಟ್ಟಿತು. "ಅತ್ತೆ, ಶಾಸ್ತ್ರ ಇದರಲ್ಲೇ ಆಗಲಿ, ಹಗಲು ನೀವು ಹತ್ತಿರ ಕೂತಿರುವಾಗ ಇದರಲ್ಲೇ ಮಲಗಲಿ, ರಾತ್ರಿ ನನಗೆ ಎದ್ದು ಹಾಲು ಕೊಡಲು ಸುಲಭ ಆಗಲಿಕ್ಕೆ ಪಕ್ಕದಲ್ಲಿ ಇನ್ನೊಂದು ಇಟ್ಟುಕೊಳ್ಳುತ್ತೇನೆ" ಅನ್ನಿ. ಸಂದು ಅಳೆಯುವ ಕೆಲಸ ಮಾವನಿಗೆ ಕೊಡಿ, ತಾವೇ ಅಳೆದರೆ ಒಪ್ಪುತ್ತಾರೆ. ಅದೂ ಆಗದಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಬಾಯಲ್ಲಿ ಹೇಳಿಸಿ. ಸೊಸೆ ಹೇಳಿದರೆ ಕೇಳದವರು ಅವರು ಹೇಳಿದರೆ ಕೇಳುತ್ತಾರೆ.

ತೊಟ್ಟಿಲು ಇಳಿಸುವುದಾದರೆ ಪತ್ತನಾಜೆಗೆ ಮೊದಲೇ, ಅಂದರೆ ಮೇ ಕೊನೆಯ ಒಳಗೆ, ಇಳಿಸಿ. ಆಟಿಯಲ್ಲಿ ಹೆರಿಗೆ ಅಂತ ಆಟಿಯಲ್ಲೇ ಇಳಿಸಿದರೆ ಒಣಗಿಸಲು ಬಿಸಿಲು ಎಲ್ಲಿದೆ? ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಇಟ್ಟರೆ ಬೂಸರಿನ ವಾಸನೆ ಹೋಗುತ್ತದೆ, ಕೂಡುಗಳು ಎಲ್ಲಿ ಸಡಿಲ ಅಂತಲೂ ಆಗ ಗೊತ್ತಾಗುತ್ತದೆ, ಬೆಣೆ ಹೊಡೆಸಲು ಆಚಾರಿಯವರಿಗೆ ಹೇಳಿ ಕಾಯಲು ಸಮಯವೂ ಇರುತ್ತದೆ. ಮಗು ದೊಡ್ಡದಾದ ಮೇಲೆ ಮತ್ತೆ ಅಟ್ಟಕ್ಕೆ ಹಾಕುವಾಗ ಹೆಂಚಿನ ನೀರು ಬೀಳುವ ಕಡೆ ಇಡಬೇಡಿ, ಕೆಳಗೆ ಎರಡು ಮರದ ರೀಪು ಕೊಡಿ, ಪ್ಲಾಸ್ಟಿಕ್ ಸುತ್ತಬೇಡಿ. ಸರಪಳಿಗೆ ಎಣ್ಣೆ ಹಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿ. ಯಾವ ವರ್ಷ ಬದಲಿಸಿದ್ದು ಅಂತ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ, ಮುಂದಿನ ಸಲ ಇಳಿಸುವವರಿಗೆ ಬೇಕಾಗುತ್ತದೆ.